ಶಾಲೆಗೆ ಬರುವ ದಾರಿ

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನನ್ನನ್ನು ಕೇಳಿದಾಗ, ಹೆಡ್‌ಮಿಸ್ಟ್ರೆಸ್ ಆದವಳು ಫಲಿತಾಂಶಗಳನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯತಕ್ಕದ್ದೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳು ವಾರ್ಷಿಕ ವರದಿಯಲ್ಲಿ ಹೇಗೂ ಬಂದಿರುತ್ತವೆ. ಆದುದರಿಂದ ನಮ್ಮ ಪೂರ್ವವಿದ್ಯಾರ್ಥಿನಿಯರೂ ಮಕ್ಕಳ ತಂದೆತಾಯಿಗಳೂ ನನ್ನನ್ನು ಮನ್ನಿಸುವುದಾದರೆ, ಶಾಲೆಯ ಗೇಟಿನ ಒಳಗಿನದನ್ನು ಬಿಟ್ಟು ಅದರ ಹೊರಗಿನ ಒಂದು ಸಂಗತಿಯನ್ನು, ಎಂದರೆ ನಮ್ಮ ಹೆಣ್ಣುಮಕ್ಕಳು ಬೈಸಿಕಲ್ಲಿನ ಮೇಲೆ ಶಾಲೆಗೆ ಬರುವ ದಾರಿಯನ್ನು ಕುರಿತು, ನಾಲ್ಕು ಮಾತುಗಳನ್ನು ಬರೆಯುತ್ತೇನೆ. ಇದರಲ್ಲಿ ನನ್ನದೇ ಆದ ಒಂದು ತಪ್ಪಿನ ಕಥೆಯೂ ಸೇರಿರುತ್ತದೆ. ಅದನ್ನು ಮರೆಮಾಚಿದರೆ ಉಳಿದ ಮಾತುಗಳಿಗೆ ಬೆಲೆಯಿರಲಾರದು.

ನಾನು ಬೈಸಿಕಲ್ ಕಲಿತದ್ದು ಹತ್ತನೆಯ ವಯಸ್ಸಿನಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಒಂದು ಸೈಕಲ್ ಅಂಗಡಿಯ ಹಳೆಯ ಗಾಡಿಯ ಮೇಲೆ. ಮಿಷನ್ ಆಸ್ಪತ್ರೆಯಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯವರು ಸೀಟನ್ನು ಹಿಡಿದು ಹಿಂದೆ ಓಡಿ ಬರುತ್ತಿದ್ದರು. ನಾನು ಹೈಸ್ಕೂಲು ಸೇರಿದಾಗ ಒಂದು ಲೇಡೀಸ್ ಸೈಕಲ್ಲನ್ನು ಕೊಡಿಸಿದರು. ಆದರೆ ಅದನ್ನು ನನ್ನ ಕೈಗೆ ಕೊಡುವುದಕ್ಕೆ ಮುಂಚೆ ಎರಡು ಸಂಜೆ ನನ್ನೊಡನೆ ನಡೆದೇ ಶಾಲೆಯವರೆಗೆ ಬಂದು, ಎಲ್ಲಿ ಇಳಿದು ತಳ್ಳಬೇಕು, ಎಲ್ಲಿ ಗಂಟೆ ಬಾರಿಸಬೇಕು, ಯಾವ ಮನೆಯ ನಾಯಿ ಅಟ್ಟಿಕೊಂಡು ಬರುತ್ತದೆ ಎಂಬುದನ್ನೆಲ್ಲ ತೋರಿಸಿಕೊಟ್ಟರು. ನಾನು ಆಗ ಬೇಸರದಿಂದ, “ಅಪ್ಪಾ, ದಾರಿ ನನಗೆ ಗೊತ್ತು,” ಎಂದೆನು. ಅವರು, “ನಡೆಯುವವರ ದಾರಿ ನಿನಗೆ ಗೊತ್ತು ಮಗಳೇ, ಸೈಕಲ್ಲಿನ ದಾರಿ ಬೇರೆ,” ಎಂದರು. ಆ ಮಾತಿನ ಅರ್ಥವು ನನಗೆ ತಿಳಿಯುವುದಕ್ಕೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಸ್ಕೂಟರನ್ನು ಕೊಂಡೆನು; ಬೈಸಿಕಲ್ಲು ಮನೆಯ ಹಿಂಭಾಗದಲ್ಲಿ ತುಕ್ಕು ಹಿಡಿದು ಹೋಯಿತು. ನಮ್ಮ ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬೈಸಿಕಲ್ ಯೋಜನೆಯು ಆರಂಭವಾದಾಗ, ಅದರ ನಿಲ್ದಾಣಗಳನ್ನು ಸ್ಕೂಟರಿನ ಮೇಲೆ ಕುಳಿತೇ ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಹೀಗೆ ಇಪ್ಪತ್ತು ವರ್ಷ ಬೈಸಿಕಲ್ಲನ್ನು ಮುಟ್ಟದೆ ಇದ್ದವಳು ಬೈಸಿಕಲ್ಲಿನಲ್ಲಿ ಬರುವ ಮಕ್ಕಳಿಗೆ ಬುದ್ಧಿ ಹೇಳಲು ಹೊರಟದ್ದೇ ಎಲ್ಲಕ್ಕೂ ಮೂಲವಾಯಿತು.

2023ರ ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ಮೊದಲ ವಾರ, ಬೆಳಗಿನ ಪ್ರಾರ್ಥನೆಯ ಬಳಿಕ ನಾನು ಮಕ್ಕಳಿಗೆ ಒಂದು ಸೂಚನೆಯನ್ನು ಕೊಟ್ಟೆನು. “ಗಲ್ಲಿಗಳಲ್ಲಿ ನುಗ್ಗಿ ಬರಬೇಡಿರಿ; ದೊಡ್ಡ ರಸ್ತೆಯಲ್ಲಿ ನೇರವಾಗಿ ಬನ್ನಿರಿ. ಅಲ್ಲಿ ಜನರಿರುತ್ತಾರೆ, ಪೊಲೀಸಿನವರಿರುತ್ತಾರೆ, ದಾರಿಯೂ ಹತ್ತಿರವಾಗುತ್ತದೆ,” ಎಂದೆನು. ಕೇಳುವುದಕ್ಕೆ ಈ ಮಾತು ವಿವೇಕವಾಗಿಯೇ ಇತ್ತು. ಅದಾದ ಐದನೆಯ ವಾರ, ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯು ಕುವೆಂಪುನಗರದಿಂದ ಬರುತ್ತಿದ್ದಾಗ ಒಂದು ದೊಡ್ಡ ವೃತ್ತದಲ್ಲಿ ಬಾಡಿಗೆ ಟೆಂಪೋ ಒಂದು ಅವಳ ಬಲಗಡೆಯಿಂದ ಬಂದು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿತು. ಮಗುವು ಅದರ ಹಿಂಭಾಗಕ್ಕೆ ಸಿಕ್ಕಿ ಬಿದ್ದಳು. ಎಡಗೈ ಮುರಿಯಿತು. ದೇವರ ದಯೆಯಿಂದ ತಲೆಗೆ ಪೆಟ್ಟಾಗಲಿಲ್ಲ.

ಆ ಸಂಜೆ ನಾನು ಅವಳ ಮನೆಗೆ ಹೋದೆನು. ತಂದೆಯು ಕಾರ್ಖಾನೆಯ ಪಾಳಿಗೆ ಹೋಗಿದ್ದನು. ತಾಯಿಯು ಮನೆಯಲ್ಲಿಯೇ ಹೊಲಿಗೆ ಮಾಡುವವಳು. ಯಂತ್ರವನ್ನು ನಿಲ್ಲಿಸಿ ಎದ್ದು ನಿಂತು ನನಗೆ ಕುರ್ಚಿಯನ್ನು ಕೊಟ್ಟಳು. ಸಮಾಧಾನದ ಮಾತುಗಳನ್ನು ನಾನು ದಾರಿಯಲ್ಲಿ ಯೋಚಿಸಿಕೊಂಡೇ ಹೋಗಿದ್ದೆನು. ಆದರೆ ಆಕೆಯು ನನಗಿಂತ ಮುಂಚೆ, ಸಿಟ್ಟಿಲ್ಲದ ಧ್ವನಿಯಲ್ಲಿ, “ಮೇಡಂ, ನಮ್ಮ ಹುಡುಗಿ ಹಟ ಮಾಡಿ ಯಾವ ಗಲ್ಲಿಯಲ್ಲೂ ನುಗ್ಗಲಿಲ್ಲ. ದೊಡ್ಡ ರಸ್ತೆಯಲ್ಲೇ ಬನ್ನಿ ಅಂತ ನೀವು ಹೇಳಿದಿರಂತೆ. ಅದರಲ್ಲೇ ಬಂದಳು,” ಎಂದಳು. ನನ್ನ ಬಾಯಿ ಕಟ್ಟಿಹೋಯಿತು.

ಆ ಬಳಿಕ ಆಕೆಯು ಹೇಳಿದ್ದೇನೆಂದರೆ, ಕೈ ವಾಸಿಯಾದ ಮೇಲೂ ಮಗಳನ್ನು ಈ ವರ್ಷ ಮನೆಯಲ್ಲಿಯೇ ಇಟ್ಟುಕೊಳ್ಳುವುದಾಗಿ. ಆ ಜೂನ್ ತಿಂಗಳಿನಿಂದಲೇ ಸರ್ಕಾರವು ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟಿದ್ದಿತಾದರೂ, ಅವಳ ಮನೆಯಿಂದ ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ ಇನ್ನೊಂದು ಬಸ್ಸನ್ನು ಹಿಡಿದು ಬರುವಷ್ಟರಲ್ಲಿ ಮೊದಲನೆಯ ಪಾಠವು ಮುಗಿದಿರುತ್ತಿತ್ತು. ಸಂಜೆಯಾದರೋ ಹಾಸಿಗೆ ಹಿಡಿದಿದ್ದ ಅಜ್ಜಿಯ ಬಳಿಗೆ ಅವಳು ಹೊತ್ತಿಗೆ ಸರಿಯಾಗಿ ಹಿಂದಿರುಗಬೇಕಾಗಿತ್ತು. ಕರೆದುಕೊಂಡು ಬಂದು ಬಿಡುವವರು ಯಾರೂ ಇರಲಿಲ್ಲ. ಒಂದು ವರ್ಷ ಮನೆಯಲ್ಲಿ ಉಳಿದ ಹುಡುಗಿಯು ಮರುವರ್ಷ ಶಾಲೆಗೆ ಬರುವುದು ಎಷ್ಟು ಅಪರೂಪವೆಂಬುದನ್ನು ನಾನು ಬಲ್ಲೆನು. ಹಾಜರಿ ಪುಸ್ತಕಗಳಲ್ಲಿ ಅಂಥ ಹೆಸರುಗಳ ಮೇಲೆ ಕೆಂಪು ಗೆರೆಯನ್ನು ಎಳೆದ ಕೈ ನನ್ನದೇ. “ಆರು ವಾರ ಅವಕಾಶ ಕೊಡಮ್ಮಾ. ಅವಳ ಕೈ ಕೂಡುವಷ್ಟರಲ್ಲಿ ನಾನು ಬೇರೊಂದು ದಾರಿಯನ್ನು ಹುಡುಕಿ ಕೊಡುತ್ತೇನೆ. ಅದು ನಿನ್ನ ಮನಸ್ಸಿಗೆ ಬಾರದಿದ್ದರೆ ನಿನ್ನ ಇಷ್ಟ,” ಎಂದು ಹೇಳಿ ಎದ್ದು ಬಂದೆನು.

ಡ್ರಿಲ್ ಮಾಸ್ತರಿಂದ ಒಂದು ಬೈಸಿಕಲ್ಲನ್ನು ಎರವಲು ತೆಗೆದುಕೊಂಡೆನು. ನಲವತ್ತನ್ನು ದಾಟಿದ ಹೆಡ್‌ಮಿಸ್ಟ್ರೆಸ್ ಒಬ್ಬಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಯ ಆಟದ ಬಯಲಿನಲ್ಲಿ ಎರಡು ಸುತ್ತು ಹೊಡೆದದ್ದನ್ನು ನೋಡಿ ಜವಾನನು ಮುಖ ತಿರುಗಿಸಿ ನಕ್ಕದ್ದು ನನಗೆ ಕಾಣದೆ ಇರಲಿಲ್ಲ. ಮರುದಿನ ಚೂಡಿದಾರವನ್ನು ಧರಿಸಿ, ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಮಕ್ಕಳು ಬರುವ ಹೊತ್ತಿನಲ್ಲಿಯೇ, ನಾನು ಹೊಗಳಿದ್ದ ಆ ದೊಡ್ಡ ರಸ್ತೆಯಲ್ಲಿ ಮೊದಲು ಬಂದು ನೋಡಿದೆನು. ಎರಡು ಮೈಲಿ ಹೋಗುವಷ್ಟರಲ್ಲಿ ನನ್ನ ಬೋಧನೆಯು ಎಷ್ಟು ಪೊಳ್ಳೆಂಬುದು ಮನವರಿಕೆಯಾಯಿತು. ಎಡಗಡೆಯಲ್ಲಿ ಉದ್ದಕ್ಕೂ ನಿಂತ ಕಾರುಗಳು. ಬಲಗಡೆಯಲ್ಲಿ ಮೊಳದ ದೂರದಲ್ಲಿ ಹಾಯುವ ಬಸ್ಸುಗಳು. ನಡುವೆ ಬೈಸಿಕಲ್ಲಿಗೆ ಉಳಿಯುವುದು ಎರಡು ಗೇಣು. ಜನರು ಇದ್ದರು ನಿಜ. ಆದರೆ ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಆಮೇಲೆ ಊರಿನ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆನು. ಮನೆಯಿಂದ ಶಾಲೆಗೆ ಗೆರೆಯನ್ನು ಎಳೆಯುವುದೇ ನನ್ನ ಮೊದಲ ಪ್ರಯತ್ನವಾಗಿತ್ತು. ಅದು ತಪ್ಪೆಂದು ಬೇಗನೆ ತಿಳಿಯಿತು. ದಾರಿಯನ್ನು ಮನೆಯಿಂದ ಆರಂಭಿಸಬಾರದು, ಅಡ್ಡಿಗಳಿಂದ ಆರಂಭಿಸಬೇಕು. ಕುವೆಂಪುನಗರ, ಸರಸ್ವತೀಪುರಗಳಿಗೂ ಊರಿನ ಹಳೆಯ ಭಾಗಕ್ಕೂ ನಡುವೆ ಚಾಮರಾಜನಗರಕ್ಕೆ ಹೋಗುವ ರೈಲುಹಾದಿಯಿದೆ. ಅದನ್ನು ಎಲ್ಲೆಂದರಲ್ಲಿ ದಾಟಲಾಗುವುದಿಲ್ಲ. ಕೆಲವೇ ಕೆಲವು ಸ್ಥಳಗಳಲ್ಲಿ ದಾಟಬಹುದು. ಹಾಗೆಯೇ ಎರಡು ಮೂರು ಹೆದ್ದಾರಿಗಳಂಥ ರಸ್ತೆಗಳನ್ನೂ ದಾಟಲೇಬೇಕು. ಐದು ಕಿಲೋಮೀಟರಿನ ದಾರಿಯಲ್ಲಿ ಅಪಾಯವೆಲ್ಲ ಇಂಥ ನಾಲ್ಕಾರು ಸ್ಥಳಗಳಲ್ಲಿ ಕೂಡಿಕೊಂಡಿರುತ್ತದೆ. ಆದುದರಿಂದ ಮೊದಲು ದಾಟುವ ಸ್ಥಳಗಳನ್ನು ಆರಿಸಿ ಗುರುತು ಹಾಕಿ, ಬಳಿಕ ಅವುಗಳನ್ನು ಸಣ್ಣ ರಸ್ತೆಗಳಿಂದ ಜೋಡಿಸಬೇಕು. ಹಾರವನ್ನು ಕಟ್ಟುವವಳು ಹೂವನ್ನು ಆರಿಸಿಕೊಂಡ ಮೇಲಲ್ಲವೇ ದಾರವನ್ನು ತೆಗೆದುಕೊಳ್ಳುವುದು?

ಸಣ್ಣ ರಸ್ತೆಗಳ ವಿಷಯದಲ್ಲಿ ನಮ್ಮ ಊರಿನವರು ಪುಣ್ಯವಂತರು. ಪ್ಲೇಗಿನ ಹಾವಳಿಯ ತರುವಾಯ, 1903ರಲ್ಲಿ, ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಗಾಳಿ ಬೆಳಕುಗಳು ಆಡುವಂತೆ ಬಡಾವಣೆಗಳನ್ನು ಮಾಡುವ ಪದ್ಧತಿಯು ಇಲ್ಲಿ ಅಂದಿನಿಂದ ಬೇರೂರಿತು. ಆ ಪದ್ಧತಿಯಲ್ಲಿ ಹುಟ್ಟಿದ ಬಡಾವಣೆಗಳಲ್ಲಿ ಮೇನ್ ರಸ್ತೆಗಳೂ ಅಡ್ಡರಸ್ತೆಗಳೂ ಚದುರಂಗದ ಮಣೆಯಂತೆ ಇರುವುದರಿಂದ, ದೊಡ್ಡ ರಸ್ತೆಗೆ ಸಮಾನಾಂತರವಾಗಿ ಒಂದಾದರೂ ಸಣ್ಣ ರಸ್ತೆಯು ಸಿಕ್ಕಿಯೇ ಸಿಕ್ಕುತ್ತದೆ. ಬಸ್ಸು ಹೋಗದ, ಸಿಗ್ನಲ್ ಇಲ್ಲದ, ಮನೆಗಳ ಮುಂದೆ ರಂಗೋಲೆಯಿರುವ ರಸ್ತೆಗಳು ಅವು. ಸರಸ್ವತೀಪುರದ ಅಂಥ ರಸ್ತೆಯೊಂದರಲ್ಲಿ ಹೊಂಗೆಯ ನೆರಳಿನಲ್ಲಿ ಬರುತ್ತ, ಇಷ್ಟು ವರ್ಷ ಪಕ್ಕದ ರಸ್ತೆಯ ಹೊಗೆಯಲ್ಲಿ ಮಕ್ಕಳನ್ನು ಕಳುಹಿಸುತ್ತಿದ್ದೆನಲ್ಲಾ ಎಂದು ನಾಚಿಕೆಪಟ್ಟೆನು. “ಅಡ್ಡದಾರಿ ಹಿಡಿಯಬೇಡಿರಿ” ಎಂಬುದು ಎಲ್ಲ ಉಪಾಧ್ಯಾಯಿನಿಯರ ಉಪದೇಶ. ಅಡ್ಡದಾರಿಯನ್ನೇ ಹಿಡಿಯಿರೆಂದು ಹೆಣ್ಣುಮಕ್ಕಳಿಗೆ ಬೋಧಿಸಿದ ಹೆಡ್‌ಮಿಸ್ಟ್ರೆಸ್ ನಾನೊಬ್ಬಳೇ ಇರಬೇಕು.

ಆ ಆರು ವಾರಗಳಲ್ಲಿ ನಾನು ಕಲಿತದ್ದನ್ನು, ತಂದೆತಾಯಿಗಳಿಗೆ ಉಪಯೋಗವಾದೀತೆಂದು, ಇಲ್ಲಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ವಾಹನಗಳು ಎಡಗಡೆಯಲ್ಲಿ ಚಲಿಸುವುದರಿಂದ, ಎಡಕ್ಕೆ ತಿರುಗುವುದು ಸುಲಭ. ಬಲಕ್ಕೆ ತಿರುಗುವವಳು ಎದುರಿನಿಂದಲೂ ಹಿಂದಿನಿಂದಲೂ ಬರುವ ವಾಹನಗಳ ನಡುವೆ ಹಾಯಬೇಕಾಗುತ್ತದೆ. ಆದುದರಿಂದ ದೊಡ್ಡ ರಸ್ತೆಗಳಲ್ಲಿ ಬಲತಿರುವು ಎಷ್ಟು ಕಡಮೆಯೋ ಅಷ್ಟು ಒಳ್ಳೆಯ ದಾರಿ. ಒಂದು ಬಲತಿರುವನ್ನು ತಪ್ಪಿಸಲು ಎರಡು ಸಣ್ಣ ರಸ್ತೆಗಳನ್ನು ಸುತ್ತಿದರೂ ನಷ್ಟವಿಲ್ಲ. ತಪ್ಪಿಸಲಾಗದ ಕಡೆ, ನೇರವಾಗಿ ಮುಂದೆ ಹೋಗಿ, ಇಳಿದು, ಪಾದಚಾರಿಯಂತೆ ಬೈಸಿಕಲ್ಲನ್ನು ತಳ್ಳಿಕೊಂಡು ದಾಟತಕ್ಕದ್ದು. ಇಳಿಯುವುದು ಅವಮಾನವೆಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲವೆಂದು ಹೇಳಿಕೊಡಬೇಕಾದವರು ನಾವು.

ಲಾರಿ, ಬಸ್ಸು, ಟೆಂಪೋಗಳ ಎಡಮಗ್ಗುಲಲ್ಲಿ ಎಂದಿಗೂ ನಿಲ್ಲಬಾರದು. ಚಾಲಕನಿಗೆ ಆ ಸ್ಥಳವು ಕಾಣುವುದಿಲ್ಲ. ಆ ವಾಹನವು ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರವು ಮುಂದಿನ ಚಕ್ರಕ್ಕಿಂತ ಒಳಗಾಗಿ ಹಾಯುತ್ತದೆ. ನಮ್ಮ ಬಾಲಿಕೆಗೆ ಆದದ್ದು ಇದೇ. ನಿಂತ ಕಾರುಗಳ ಪಕ್ಕದಲ್ಲಿ ಹೋಗುವಾಗ ಒಂದು ಮೀಟರಿನಷ್ಟು ದೂರವನ್ನು ಬಿಡಬೇಕು; ಒಳಗಿರುವವರು ಹಿಂದೆ ನೋಡದೆ ಬಾಗಿಲನ್ನು ತೆರೆಯುವುದುಂಟು. ಅಷ್ಟು ಸ್ಥಳವನ್ನು ಬಿಡಲಾಗದ ರಸ್ತೆಯು ಬೈಸಿಕಲ್ಲಿನ ರಸ್ತೆಯಲ್ಲ.

ನೆಲವನ್ನೂ ನೋಡಬೇಕು. ಚರಂಡಿಯ ಮೇಲಿನ ಜಾಲರಿಯ ಕಂಬಿಗಳು ದಾರಿಯ ಉದ್ದಕ್ಕೆ ಇದ್ದರೆ ಚಕ್ರವು ಒಳಗೆ ಸಿಕ್ಕಿಕೊಳ್ಳುತ್ತದೆ. ರೈಲಿನ ಕಂಬಿಗಳನ್ನು ದಾಟಬೇಕಾದ ಕಡೆ ಓರೆಯಾಗಿ ಹೋಗದೆ ಲಂಬವಾಗಿ ದಾಟಬೇಕು. ಮಳೆಗಾಲದಲ್ಲಿ ನೀರು ನಿಂತ ಕಡೆ ಗುಂಡಿಯ ಆಳವು ತಿಳಿಯುವುದಿಲ್ಲ. ಉದುರಿ ನೆನೆದ ಹೂವೂ ಎಲೆಯೂ ಜಾರುತ್ತವೆ. ಬೇಸಗೆಯಲ್ಲಿ ಆರಿಸಿದ ದಾರಿಯನ್ನು ಮೊದಲ ಮಳೆಯ ಮರುದಿನ ಇನ್ನೊಮ್ಮೆ ನೋಡತಕ್ಕದ್ದು.

ಏರಿಳಿತಗಳನ್ನು ಮರೆಯಬಾರದು. ದೊಡ್ಡ ಪುಸ್ತಕದ ಚೀಲವನ್ನು ಹೊತ್ತ ಹುಡುಗಿಯು ಏರಿನಲ್ಲಿ ತೂಗಾಡುತ್ತ ಹೋಗುತ್ತಾಳೆ. ಆಗ ಅವಳಿಗೆ ಹೆಚ್ಚು ಅಗಲ ಬೇಕು. ಇಳಿಜಾರಿನ ಕೊನೆಯಲ್ಲಿ ದೊಡ್ಡ ರಸ್ತೆಯು ಅಡ್ಡ ಬರುವ ದಾರಿಯನ್ನು ಬಿಟ್ಟೇ ಬಿಡಬೇಕು. ವೇಗವು ಇಮ್ಮಡಿಯಾದರೆ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆಂಬುದನ್ನು ನಾವು ವಿಜ್ಞಾನದ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಅದರ ಪ್ರಯೋಗವು ಇಲ್ಲಿ ನಡೆಯುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಕೂಡಿದ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನವು, ಕಾಲುನಡೆಯವರೂ ಬೈಸಿಕಲ್ಲಿನವರೂ ವಾಹನಗಳೊಡನೆ ಬೆರೆಯುವ ರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರನ್ನೇ ಮಿತಿಯಾಗಿಡಬೇಕೆಂದು ಘೋಷಿಸಿದ್ದು ಇಂಥ ಲೆಕ್ಕದಿಂದಲೇ.

ಇಷ್ಟನ್ನೆಲ್ಲ ಲೆಕ್ಕ ಹಾಕಿ ಮೂರನೆಯ ವಾರದ ಕೊನೆಗೆ ನಾನೊಂದು ದಾರಿಯನ್ನು ಸಿದ್ಧಪಡಿಸಿದೆನು. ನೇರವಾದ ದಾರಿಯು ನಾಲ್ಕೂವರೆ ಕಿಲೋಮೀಟರು, ನನ್ನದು ಐದೂವರೆ. ಆದರೆ ಸಿಗ್ನಲ್‌ಗಳಲ್ಲಿ ನಿಲ್ಲುವ ಹೊತ್ತು ಉಳಿಯುವುದರಿಂದ, ಇಪ್ಪತ್ತಮೂರು ನಿಮಿಷಕ್ಕೆ ಬದಲಾಗಿ ಇಪ್ಪತ್ತೇಳು ನಿಮಿಷ ಮಾತ್ರ ಹಿಡಿಯುತ್ತಿತ್ತು. ಒಂದು ಕಡೆ ಮನೆಗಳ ಹಿಂಭಾಗದ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಹಾಯ್ದರೆ ಒಂದು ವಾಹನವೂ ಇಲ್ಲದೆ ಮುನ್ನೂರು ಗಜ ಬರಬಹುದಾಗಿತ್ತು. ಬಹಳ ಹೆಮ್ಮೆಯಿಂದ ಹತ್ತನೆಯ ತರಗತಿಯ ನಾಲ್ವರು ಬೈಸಿಕಲ್ ಸವಾರಿಣಿಯರನ್ನು ಆಫೀಸಿಗೆ ಕರೆದು ಆ ನಕ್ಷೆಯನ್ನು ತೋರಿಸಿದೆನು.

ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸುಮ್ಮನಿದ್ದರು. ನಾನು ಒತ್ತಾಯ ಮಾಡಿದ ಮೇಲೆ ಒಬ್ಬಳು, “ಮಿಸ್, ಆ ಗಲ್ಲಿಯಲ್ಲಿ ನಾವು ಹೋಗುವುದಿಲ್ಲ,” ಎಂದಳು. ಏಕೆಂದು ಕೇಳಿದರೆ ತಲೆ ತಗ್ಗಿಸಿದಳು. ಎರಡನೆಯವಳು ಹೇಳಿದಳು: “ಅಲ್ಲಿ ಯಾರ ಮನೆಯ ಕಿಟಕಿಯೂ ಇಲ್ಲ, ಮಿಸ್. ಸಂಜೆ ಕೆಲವರು ನಿಂತಿರುತ್ತಾರೆ. ಏನಾದರೂ ಅನ್ನುತ್ತಾರೆ. ಒಂದು ಸಲ ಹ್ಯಾಂಡಲ್ ಹಿಡಿದುಕೊಂಡರು.” ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದೆನು. “ಹೇಳಿದರೆ ಸೈಕಲ್ ಬಿಡಿಸಿಬಿಡುತ್ತಾರೆ, ಮಿಸ್,” ಎಂದಳು.

ಓದುಗರಾದ ತಾಯಂದಿರೇ, ಈ ಒಂದು ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಿರಿ. ದಾರಿಯಲ್ಲಿ ಆದದ್ದನ್ನು ಮನೆಯಲ್ಲಿ ಹೇಳಿದರೆ ದಾರಿಯೇ ಮುಚ್ಚಿಹೋಗುವುದೆಂಬ ಭಯದಿಂದ ನಮ್ಮ ಮಕ್ಕಳು ಮೌನವಾಗಿರುತ್ತಾರೆ. ತಪ್ಪು ಮಾಡಿದವನು ಗಲ್ಲಿಯಲ್ಲಿ ನಿಂತೇ ಇರುತ್ತಾನೆ; ಶಿಕ್ಷೆಯು ಬೈಸಿಕಲ್ಲಿಗೆ ಆಗುತ್ತದೆ. ಜೂನ್ ತಿಂಗಳಿನಲ್ಲಿ ನಾನು ದೊಡ್ಡ ರಸ್ತೆಯಲ್ಲಿ ಬನ್ನಿರೆಂದು ಹೇಳಿದ್ದರಲ್ಲಿಯೂ ಅರ್ಧ ನಿಜವಿತ್ತೆಂಬುದು ಆಗ ತಿಳಿಯಿತು, ವಾಹನಗಳಿಲ್ಲದಿರುವುದಷ್ಟೇ ಸುರಕ್ಷಿತವಲ್ಲ. ಆದರೆ ಆ ಅರ್ಧವನ್ನು ನನಗಿಂತ ಚೆನ್ನಾಗಿ ಬಲ್ಲವರು ದಿನವೂ ಆ ದಾರಿಯಲ್ಲಿ ಬರುವ ಮಕ್ಕಳೇ. ಅವರನ್ನು ಕೇಳದೆ ನಾನು ನಕ್ಷೆ ಬರೆದದ್ದು ನನ್ನ ಎರಡನೆಯ ತಪ್ಪು.

ಅಂದಿನಿಂದ ಆ ನಾಲ್ವರೂ ನನ್ನ ಸಲಹಾಮಂಡಲಿಯಾದರು. ಬಾಗಿಲು ಕಿಟಕಿಗಳು ರಸ್ತೆಗೆ ಮುಖವಾಗಿರುವ, ದಿನಸಿ ಅಂಗಡಿಯೋ ಹಾಲಿನ ಬೂತೋ ತೆರೆದಿರುವ, ಸಂಜೆ ಅಜ್ಜಂದಿರು ಜಗುಲಿಯ ಮೇಲೆ ಕುಳಿತಿರುವ ರಸ್ತೆಗಳನ್ನು ಅವರು ಆರಿಸಿಕೊಟ್ಟರು. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಆಗಬೇಕಾಗಿಲ್ಲವೆಂಬುದನ್ನು ಕಲಿಸಿದವರೂ ಅವರೇ. ಬೆಳಿಗ್ಗೆ ಚಟುವಟಿಕೆಯಿಂದಿರುವ ರಸ್ತೆಯು ಸಂಜೆ ನಿರ್ಜನವಾಗಿರಬಹುದು. ಡಿಸೆಂಬರಿನ ಸಂಜೆಗಳಲ್ಲಿ ಪಶ್ಚಿಮಾಭಿಮುಖವಾಗಿ ಮನೆಗೆ ಹಿಂದಿರುಗುವಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹಿಂದಿನಿಂದ ಬರುವ ವಾಹನದವನ ಕಣ್ಣಿಗೂ ಅದೇ ಬಿಸಿಲು ಹೊಡೆದು ಅವನಿಗೆ ಮುಂದಿನ ಬೈಸಿಕಲ್ಲು ಕಾಣದೆ ಹೋಗಬಹುದು. ಅಂಥ ಹೊತ್ತಿಗೆ ಮರಗಳ ಸಾಲಿರುವ ರಸ್ತೆಯೇ ಮೇಲು.

ಆರನೆಯ ವಾರ ನಾನು ಬಾಲಿಕೆಯ ತಾಯಿಯನ್ನು ಕರೆದುಕೊಂಡು ಬಂದು, ನನ್ನ ತಂದೆಯವರು ನನಗೆ ಮಾಡಿದಂತೆ, ಆ ದಾರಿಯ ಉದ್ದಕ್ಕೂ ನಡೆದೆನು. ಆಕೆಗೆ ಬೈಸಿಕಲ್ಲು ಬಾರದು. ರೈಲುಹಾದಿಯನ್ನು ದಾಟುವ ಸ್ಥಳದಲ್ಲಿ ಹತ್ತು ನಿಮಿಷ ನಿಂತು ಹೋಗಿಬರುವ ವಾಹನಗಳನ್ನು ನೋಡಿದಳು. ದೊಡ್ಡ ರಸ್ತೆಯೊಂದನ್ನು ದಾಟುವ ಕಡೆ, “ಇಲ್ಲಿ ಇಳಿದು ತಳ್ಳಿಕೊಂಡೇ ಬರಬೇಕು ಮೇಡಂ. ಪ್ರಮಾಣ ಮಾಡಿಸಿ,” ಎಂದಳು. ಮೂಲೆಯ ಮನೆಯೊಂದರ ಮುಂದೆ ಹೂವು ಬಿಡಿಸುತ್ತಿದ್ದ ವೃದ್ಧೆಯೊಡನೆ ತಾನಾಗಿಯೇ ಮಾತನ್ನು ಆರಂಭಿಸಿ, “ಅಮ್ಮಾ, ನಮ್ಮ ಹುಡುಗಿ ನಾಳೆಯಿಂದ ಈ ದಾರಿಯಲ್ಲಿ ಬರುತ್ತಾಳೆ. ಒಂದು ಕಣ್ಣು ಇಟ್ಟಿರಿ,” ಎಂದು ಕೇಳಿಕೊಂಡಳು. ಅದು ನನಗಾಗಲಿ ನನ್ನ ಸಲಹಾಮಂಡಲಿಗಾಗಲಿ ಹೊಳೆದಿರಲಿಲ್ಲ. ಮುಂದಿನ ಸೋಮವಾರ ಆ ಬಾಲಿಕೆಯು ಪ್ರಾರ್ಥನೆಯ ಗಂಟೆಗೆ ಮುಂಚೆಯೇ ಬಂದು ಬೈಸಿಕಲ್ಲನ್ನು ನಿಲ್ಲಿಸಿದಳು. ಅವಳ ಹೆಸರಿನ ಮೇಲೆ ನಾನು ಕೆಂಪು ಗೆರೆಯನ್ನು ಎಳೆಯಬೇಕಾಗಲಿಲ್ಲ.

ಇದು ಒಬ್ಬ ಹುಡುಗಿಯ ಮಾತಾಯಿತು. ಆದರೆ ಬೈಸಿಕಲ್ಲಿಗೂ ಹೆಣ್ಣುಮಕ್ಕಳ ವಿದ್ಯೆಗೂ ಇರುವ ಸಂಬಂಧವು ಚಿಕ್ಕದಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1991ರಲ್ಲಿ ಅಕ್ಷರ ಚಳವಳಿಯು ನಡೆದಾಗ, ಅಲ್ಲಿನ ಕಲೆಕ್ಟರಾಗಿದ್ದ ಶೀಲಾರಾಣಿ ಚುಂಕತ್ ಅವರು ಓದುಬರಹದ ಜೊತೆಗೆ ಬೈಸಿಕಲ್ ಸವಾರಿಯನ್ನೂ ಸೇರಿಸಿದರು. ಸಾವಿರಾರು ಮಂದಿ ಗ್ರಾಮೀಣ ಸ್ತ್ರೀಯರು ಕಲಿತರು. ಬಿಹಾರದಲ್ಲಿ ಹೈಸ್ಕೂಲು ಸೇರುವ ಬಾಲಿಕೆಯರಿಗೆ ಬೈಸಿಕಲ್ ಕೊಡಿಸುವ ಯೋಜನೆಯು 2006ರಲ್ಲಿ ಆರಂಭವಾಯಿತು. ಅದನ್ನು ಕುರಿತು ಕಾರ್ತಿಕ್ ಮುರಳೀಧರನ್, ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಯಸ್ಸಿಗೆ ತಕ್ಕ ಹೈಸ್ಕೂಲು ತರಗತಿಗೆ ಸೇರುವ ಬಾಲಿಕೆಯರ ಪ್ರಮಾಣವು ಶೇಕಡ 32ರಷ್ಟು ಹೆಚ್ಚಿತು. ಬಾಲಕರಿಗೂ ಬಾಲಿಕೆಯರಿಗೂ ನಡುವೆ ಇದ್ದ ಅಂತರವು ಶೇಕಡ 40ರಷ್ಟು ತಗ್ಗಿತು. ಶಾಲೆಯು ದೂರವಾಗಿದ್ದ ಹಳ್ಳಿಗಳಲ್ಲಿಯೇ ಈ ಲಾಭವು ಹೆಚ್ಚಾಗಿ ಕಂಡುಬಂದಿತು. ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಹಂಚುವ ಏರ್ಪಾಡು ಆರಂಭವಾಗಿ ಹಲವು ವರ್ಷ ನಡೆದು, ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಇವೆಲ್ಲವೂ ಶ್ಲಾಘನೀಯವಾದ ಕಾರ್ಯಗಳು. ಆದರೆ ಬೈಸಿಕಲ್ಲನ್ನು ಕೊಟ್ಟ ನಾವು, ಮನೆಯವರೂ ಶಾಲೆಯವರೂ ಊರಿನವರೂ ಸೇರಿ, ದಾರಿಯನ್ನು ಕೊಟ್ಟೆವೇ? ಆ ಪ್ರಶ್ನೆಯು ಉಳಿದೇ ಇರುತ್ತದೆ.

ಇನ್ನು ನನ್ನ ಎರಡು ವಿಜ್ಞಾಪನೆಗಳು. ಮೊದಲನೆಯದು, ಮಕ್ಕಳನ್ನು ಕಾರಿನಲ್ಲಿಯೂ ಸ್ಕೂಟರಿನಲ್ಲಿಯೂ ಕರೆತರುವ ತಂದೆತಾಯಿಗಳಿಗೆ. ನಾನು ಸವಾರಿ ಮಾಡಿ ನೋಡಿದ ದಾರಿಯಲ್ಲೆಲ್ಲ ಅತ್ಯಂತ ಅಪಾಯಕರವಾದ ಸ್ಥಳವು ಯಾವುದೆಂದರೆ, ಒಂಬತ್ತೂಕಾಲರಿಂದ ಒಂಬತ್ತೂವರೆಯವರೆಗೆ ನಮ್ಮ ಶಾಲೆಯ ಗೇಟಿನ ಮುಂದಿನ ನೂರು ಗಜ. ನಿಮ್ಮ ಮಗಳನ್ನು ಸುರಕ್ಷಿತವಾಗಿ ಇಳಿಸಬೇಕೆಂಬ ಆತುರದಲ್ಲಿ ಮತ್ತೊಬ್ಬರ ಮಗಳ ದಾರಿಗೆ ಅಡ್ಡವಾಗಿ ನಿಲ್ಲಿಸುತ್ತೀರಿ. ದಯವಿಟ್ಟು ಹಿಂದಿನ ಅಡ್ಡರಸ್ತೆಯಲ್ಲಿ ನಿಲ್ಲಿಸಿರಿ. ಮಗುವು ಎರಡು ನಿಮಿಷ ನಡೆದು ಬರಲಿ.

ಎರಡನೆಯದು, ಊರಿನ ಬೇರೆ ಬೇರೆ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ಪೂರ್ವವಿದ್ಯಾರ್ಥಿನಿಯರಿಗೆ. ನಮ್ಮ ಶಾಲೆಯ ವರಾಂಡದ ಗೋಡೆಯ ಮೇಲೆ ಈಗ ಒಂದು ದೊಡ್ಡ ನಕ್ಷೆಯಿದೆ. ಮಕ್ಕಳು ಬರುವ ದಾರಿಗಳನ್ನು ಅದರಲ್ಲಿ ಬಣ್ಣದ ಗೆರೆಗಳಿಂದ ಗುರುತಿಸಿದ್ದೇವೆ. ನಿಮ್ಮ ಮನೆಯು ಅಂಥ ಒಂದು ಗೆರೆಯ ಮೇಲೆ ಇದ್ದರೆ ದಯವಿಟ್ಟು ನಮಗೆ ತಿಳಿಸಿರಿ. ನಿಮ್ಮಿಂದ ಹಣವನ್ನು ಬೇಡುತ್ತಿಲ್ಲ. ಮಳೆ ಬಂದಾಗ ನಿಲ್ಲಲು ಒಂದು ಜಗುಲಿ, ಚಕ್ರದ ಗಾಳಿ ಹೋದಾಗ ಒಂದು ಪಂಪು, ಭಯವಾದಾಗ ತಟ್ಟಲು ಒಂದು ಬಾಗಿಲು, ಇಷ್ಟು ಸಾಕು. ಈಗಾಗಲೇ ಹನ್ನೊಂದು ಮನೆಯವರು ಒಪ್ಪಿರುತ್ತಾರೆ. ಅವುಗಳಲ್ಲಿ ಒಂದು, ಹೂವು ಬಿಡಿಸುತ್ತಿದ್ದ ಆ ವೃದ್ಧೆಯ ಮನೆ. ವಿಚಾರಿಸಿದಾಗ ಆಕೆಯೂ ನಮ್ಮ ಶಾಲೆಯಲ್ಲಿಯೇ ಓದಿದವರೆಂದು ತಿಳಿದುಬಂದಿತು.

ಆ ಬಾಲಿಕೆಯು 2025ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಪ್ರಮಾಣಪತ್ರವನ್ನು ತೆಗೆದುಕೊಳ್ಳಲು ಬಂದಿದ್ದಳು. ನನ್ನ ಕೋಣೆಗೆ ಬರುವುದಕ್ಕೆ ಮುಂಚೆ ವರಾಂಡದಲ್ಲಿ ನಿಂತು ನಕ್ಷೆಯನ್ನು ನೋಡುತ್ತಿದ್ದಳು. “ಮಿಸ್, ಇದನ್ನು ಅಳಿಸಬೇಕು. ಇಲ್ಲಿ ಪೈಪಿಗಾಗಿ ಅಗೆದಿದ್ದಾರೆ. ಪಕ್ಕದ ಕ್ರಾಸಿನಲ್ಲಿ ಬರಲಿ,” ಎಂದು ಹೇಳಿ, ತಾನೇ ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆದಳು. ಮುಂದಿನ ಸೋಮವಾರದಿಂದ ಎಂಟನೆಯ ತರಗತಿಯ ಇಬ್ಬರು ಚಿಕ್ಕವರು ಆ ಗೆರೆಯಂತೆಯೇ ಬರುತ್ತಿದ್ದಾರೆ.